ಗುಡ್ಡದ ಮೇಲಿನ ಹಾಯಿ ದೊಡ್ಡದಾದರೆ ಹೊಲದವರ ಪಾಲು ಎಷ್ಟು?

ಜತ್ತ: ಆಷಾಢ ಬಂತೆಂದರೆ ನಮ್ಮ ಕಡೆ ಮಳೆಗಿಂತ ಗಾಳಿಯ ಮಾತೇ ಹೆಚ್ಚು. ಮೋಡ ತನ್ನ ನೀರನ್ನೆಲ್ಲ ಕೊಂಕಣಕ್ಕೆ, ಮಹಾಬಳೇಶ್ವರಕ್ಕೆ ಸುರಿದು ಸಹ್ಯಾದ್ರಿ ದಾಟುತ್ತದೆ. ನಮಗೆ ಉಳಿಯುವುದು ಗಾಳಿ ಮಾತ್ರ. ಸಂಖ, ಉಮದಿ, ಮಾಡಗ್ಯಾಳ ಕಡೆಯ ಒಕ್ಕಲಿಗರು ತಲೆಮಾರುಗಳಿಂದ ಬೈಯುತ್ತ ಬಂದ ಈ ಗಾಳಿಗೆ ಬೆಲೆ ಬಂದದ್ದು ತಾಲ್ಲೂಕಿನ ಗುಡ್ಡಗಳ ಮೇಲೆ, ಪಕ್ಕದ ಢಾಲಗಾಂವ ಪಠಾರದ ಮೇಲೆ ಪವನಚಕ್ಕಿಗಳು ಎದ್ದು ನಿಂತ ಮೇಲೆ.

ಅವುಗಳಲ್ಲಿ ಮೊದಲು ಬಂದವು ಈಗ ಹಳೆಯವಾದವು. ಪವನಚಕ್ಕಿಯ ಆಯುಷ್ಯ 20ರಿಂದ 25 ವರ್ಷ ಎಂದು ಲೆಕ್ಕ. 2023ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಹಳೆ ಚಕ್ಕಿ ತೆಗೆದು ಹೊಸದನ್ನು ನಿಲ್ಲಿಸುವ ಬಗ್ಗೆ ಹೊಸ ಧೋರಣೆ ಪ್ರಕಟಿಸಿತು. 2016ರ ಧೋರಣೆಯಲ್ಲಿ 1 ಮೆಗಾವ್ಯಾಟ್ ಮತ್ತು ಅದಕ್ಕಿಂತ ಸಣ್ಣ ಚಕ್ಕಿಗಳಿಗಷ್ಟೇ ಅವಕಾಶವಿತ್ತು. ಈಗ 2 ಮೆಗಾವ್ಯಾಟ್‌ಗಿಂತ ಸಣ್ಣವೆಲ್ಲ ಸೇರಿವೆ. ದೇಶದಲ್ಲಿ ಇಂಥ ಚಕ್ಕಿಗಳ ಒಟ್ಟು ಸಾಮರ್ಥ್ಯ ಸುಮಾರು 25 ಗಿಗಾವ್ಯಾಟ್ ಎಂದು ಅಂದಾಜು. ನಮ್ಮ ಗುಡ್ಡಗಳ ಮೇಲಿನ ಹಳೆಯವೂ ಈ ಸಾಲಿಗೇ ಬರುತ್ತವೆ. ಹಾಗಾದರೆ ಹೊಸದರಲ್ಲಿ ಅಂಥದ್ದೇನಿದೆ?

ಜತ್ತಕ್ಕೆ ಸಮುದ್ರ ಇಲ್ಲ, ನಿಜ. ಆದರೆ ಪವನಚಕ್ಕಿ ಎಂದರೆ ನೆಲದ ಮೇಲೆ ನಿಂತ ಹಾಯಿದೋಣಿಯೇ. ಕಾರವಾರ, ಹೊನ್ನಾವರದ ಹಾಯಿದೋಣಿ ಬೆನ್ನ ಹಿಂದಿನಿಂದ ಗಾಳಿ ದೂಡಿದಾಗ ಮಾತ್ರ ಓಡುತ್ತದೆ ಎಂದು ನಾವು ತಿಳಿಯುತ್ತೇವೆ. ಗಾಳಿ ಪಕ್ಕದಿಂದ ಬೀಸುವಾಗಲೂ ಅದು ಚೆನ್ನಾಗಿಯೇ ಓಡುತ್ತದೆ. ಆಗ ಉಬ್ಬಿದ ಹಾಯಿ ವಿಮಾನದ ರೆಕ್ಕೆಯಂತೆ ಕೆಲಸ ಮಾಡಿ ದೋಣಿಯನ್ನು ಮುಂದೆ ಎಳೆಯುತ್ತದೆ. ಪವನಚಕ್ಕಿಯ ರೆಕ್ಕೆ ತಿರುಗುವುದೂ ಇದೇ ಎಳೆತದಿಂದ. ದೋಣಿ ಕಟ್ಟುವವರು ಕಲಿತ ಇನ್ನೊಂದು ಪಾಠ, ಹಾಯಿ ಎತ್ತರವಿದ್ದಷ್ಟೂ ಒಳ್ಳೆಯ ಗಾಳಿ ಸಿಗುತ್ತದೆ ಎಂಬುದು. ಕಣದಲ್ಲಿ ರಾಶಿ ತೂರುವವರು ಎತ್ತರಕ್ಕೆ ಹತ್ತಿ ನಿಲ್ಲುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ರೆಕ್ಕೆ ಎರಡು ಪಟ್ಟು ಉದ್ದವಾದರೆ ಅದು ಸುತ್ತುವ ಜಾಗ ನಾಲ್ಕು ಪಟ್ಟು. ಗಾಳಿಯ ವೇಗ ಎರಡು ಪಟ್ಟಾದರೆ ಅದರೊಳಗಿನ ಶಕ್ತಿ ಎಂಟು ಪಟ್ಟು! ಹಿಂದೆ ನಮ್ಮ ದೇಶದಲ್ಲಿ ಬಹಳ ನಡೆದ ಸುಜಲಾನ್ ಕಂಪನಿಯ ಎಸ್-82 ಮಾದರಿಯ ರೆಕ್ಕೆ ಸುತ್ತಿನ ವ್ಯಾಸ 82 ಮೀಟರ್, ಸಾಮರ್ಥ್ಯ 1.5 ಮೆಗಾವ್ಯಾಟ್. ಅದೇ ಕಂಪನಿಯ ಈಗಿನ ಎಸ್-144 ಮಾದರಿಯದು 144 ಮೀಟರ್, ಸುಮಾರು 3 ಮೆಗಾವ್ಯಾಟ್. ಸಾಮರ್ಥ್ಯ ಎರಡು ಪಟ್ಟು, ಗಾಳಿ ಹಿಡಿಯುವ ಜಾಗ ಮಾತ್ರ ಮೂರು ಪಟ್ಟು. ಹಾಗಾಗಿ ಕಾರ್ತಿಕ, ಮಾರ್ಗಶಿರದ ಮಂದ ಗಾಳಿಗೂ ಅದು ತಿರುಗುತ್ತದೆ. ಕಂಬದ ಎತ್ತರ 80 ಮೀಟರಿನಿಂದ 140ಕ್ಕೆ ಏರಿದರೆ ಸಿಗುವ ಶಕ್ತಿ ಸಾಮಾನ್ಯ ಲೆಕ್ಕದಲ್ಲಿ ಕಾಲು ಭಾಗಕ್ಕಿಂತ ತುಸು ಹೆಚ್ಚುತ್ತದೆ.

ಕಂಬ ಎತ್ತರಿಸುವುದು ಹೇಳಿದಷ್ಟು ಸುಲಭವಲ್ಲ. ಉಕ್ಕಿನ ಕೊಳವೆ ಕಂಬ ಎತ್ತರವಾದಂತೆ ಬುಡ ದಪ್ಪವಾಗಬೇಕು. ನಾಲ್ಕೂವರೆ ಮೀಟರಿಗಿಂತ ದಪ್ಪವಾದರೆ ಲಾರಿಯ ಮೇಲೆ ಹೇರಿ ಸೇತುವೆ ಕೆಳಗೆ ದಾಟಿಸುವುದೇ ಕಷ್ಟ. ಅದಕ್ಕೆ ಕಂಡುಕೊಂಡ ಉಪಾಯ, ಕೆಳಗೆ ಹೈಟೆನ್ಶನ್ ಲೈನಿನ ಕಂಬದಂತೆ ಜಾಲರಿ, ಮೇಲೆ ಕೊಳವೆ. ಇಂಥ 120 ಮೀಟರಿನ ಕಂಬವನ್ನು ಸುಜಲಾನ್ 2014ರಲ್ಲಿ ಗುಜರಾತಿನ ಕಛ್‌ನಲ್ಲಿ ನಿಲ್ಲಿಸಿತು. ರೆಕ್ಕೆಯದೂ ಇದೇ ಕಥೆ. ಉದ್ದ ಹೆಚ್ಚಿದಂತೆ ತೂಕ ಇನ್ನೂ ಬೇಗ ಏರುತ್ತದೆ. ಆದ್ದರಿಂದ ಗಾಜಿನ ನಾರಿನ ಹೊದಿಕೆ, ನಡುವೆ ಹಗುರಾದ ಬಾಲ್ಸಾ ಮರ, ಕೆಲವದರಲ್ಲಿ ಬೆನ್ನೆಲುಬಿಗೆ ಕಾರ್ಬನ್ ನಾರು. ರೇಸಿನ ಹಾಯಿದೋಣಿಗಳ ಕಂಬಕ್ಕೂ ಈಗ ಕಾರ್ಬನ್ ನಾರೇ.

ಇಷ್ಟೆಲ್ಲ ಕೇಳಿದರೆ ಖುಷಿಯಾಗುತ್ತದೆ. ಆದರೆ ನಮ್ಮ ಊರುಗಳ ಪ್ರಶ್ನೆ ಶುರುವಾಗುವುದೇ ಇಲ್ಲಿಂದ.

ಒಂದು ಚಕ್ಕಿಯ ಗಾಳಿಯನ್ನು ಪಕ್ಕದ್ದು ಕದಿಯಬಾರದೆಂದು, ಒಂದೇ ಸಾಲಿನಲ್ಲಿ ವ್ಯಾಸದ ಐದು ಪಟ್ಟು ಅಂತರ ಬಿಡುವುದು ನಮ್ಮ ದೇಶದಲ್ಲಿ ಬಹುಕಾಲ ನಡೆದು ಬಂದ ರೂಢಿ. ಹತ್ತು ಕಿಲೋಮೀಟರ್ ಉದ್ದದ ಒಂದು ಗುಡ್ಡದ ಸಾಲು ಇದೆ ಎಂದುಕೊಳ್ಳಿ. 82 ಮೀಟರಿನವಾದರೆ 410 ಮೀಟರಿಗೊಂದರಂತೆ 25 ನಿಲ್ಲುತ್ತವೆ. 144 ಮೀಟರಿನವಾದರೆ 720 ಮೀಟರಿಗೊಂದರಂತೆ 14 ಮಾತ್ರ. ಗಾಳಿ ಹಿಡಿಯುವ ಒಟ್ಟು ಜಾಗ ಮುಕ್ಕಾಲು ಪಾಲು ಹೆಚ್ಚಾಯಿತು, ಎತ್ತರದ ಲಾಭ ಬೇರೆ. ಕರೆಂಟು ಎರಡು ಪಟ್ಟಿಗೆ ಹೋದರೂ ಆಶ್ಚರ್ಯವಿಲ್ಲ. ಧೋರಣೆ ಕೇಳುವುದು ಒಂದೂವರೆ ಪಟ್ಟು ಮಾತ್ರ. ಆದರೆ ಕಂಬಕ್ಕೆ ಜಾಗ ಕೊಟ್ಟು ಬಾಡಿಗೆ ಪಡೆಯುವ ಮನೆಗಳು 25 ಇದ್ದದ್ದು 14ಕ್ಕೆ ಇಳಿಯುತ್ತವೆ. ಉಳಿದ 11 ಮನೆಯವರ ಹೊಲದಲ್ಲಿ ಏನು ಉಳಿಯುತ್ತದೆ? ನೆಲದೊಳಗಿನ ಕಾಂಕ್ರೀಟ್ ಅಡಿಪಾಯ!

ಇದು ನಮ್ಮ ಲೆಕ್ಕ, ಕಾಗದದ ಮೇಲಿನದು. ಗುಡ್ಡದ ಆಕಾರ, ಗಾಳಿಯ ದಿಕ್ಕು ನೋಡಿ ಸಂಖ್ಯೆ ಹೆಚ್ಚು ಕಡಿಮೆಯಾದೀತು. ದಿಕ್ಕು ಮಾತ್ರ ಬದಲಾಗದು. ಹಾಯಿ ಸುಧಾರಿಸಿದಷ್ಟೂ ಕಂಬ ಕಡಿಮೆ, ಕಂಬ ಕಡಿಮೆಯಾದಷ್ಟೂ ಪಾಲುದಾರರು ಕಡಿಮೆ. ಆದ್ದರಿಂದ ಕಂಬಕ್ಕಿಷ್ಟು ಎಂಬ ಹಳೆ ಕರಾರು ಮುಂದೆ ನಮಗೆ ನಷ್ಟದ್ದು. ಯುನಿಟ್ಟಿಗಿಷ್ಟು ಎಂದು ಕೇಳುವುದೇ ಸರಿ, ಅದರಲ್ಲಿ ಒಂದು ಭಾಗ ಗ್ರಾಮ ಪಂಚಾಯಿತಿಗೆ ಹೋದರೆ ಕಂಬ ಕಳೆದುಕೊಂಡ ಮನೆಗೂ ನ್ಯಾಯ. ಇದನ್ನು ಕೇಳಬೇಕಾದದ್ದು ಹೊಸ ಕ್ರೇನು ಊರಿಗೆ ಬರುವ ಮೊದಲು. ಬಂದ ಮೇಲಲ್ಲ.

ಮತ್ತೆರಡು ಮಾತು. ಹೊಸ ರೆಕ್ಕೆ ಒಂದೊಂದೂ 70 ಮೀಟರ್ ಉದ್ದ. ಅದನ್ನು ಹೊತ್ತ ಟ್ರೇಲರ್ ನಮ್ಮ ಹಳ್ಳಿಗಳ ತಿರುವಿನಲ್ಲಿ ಹೊರಳಬೇಕಾದರೆ ಬದುವಿನ ಬೇವಿನ ಮರ, ಕೆಲವು ಕಡೆ ಹೊಲದ ಮೂಲೆಯೂ ಹೋಗುತ್ತದೆ. ಅದಕ್ಕೆ ಪರಿಹಾರ ಬೇರೆಯೇ ಬರೆಸಿಕೊಳ್ಳಬೇಕು. ಹಳೆ ರೆಕ್ಕೆಯ ಗಾಜಿನ ನಾರು ಕರಗಿಸಲು ಬಾರದು. ಅಮೆರಿಕದ ವಯೋಮಿಂಗ್ ರಾಜ್ಯದ ಕ್ಯಾಸ್ಪರ್ ಊರಿನಲ್ಲಿ ನೂರಾರು ಹಳೆ ರೆಕ್ಕೆಗಳನ್ನು ತುಂಡರಿಸಿ ಮಣ್ಣಿನಲ್ಲಿ ಹೂತಿದ್ದು 2020ರಲ್ಲಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ನಮ್ಮ ಖರಾಬು ಜಮೀನು ಅದಕ್ಕೆ ಜಾಗ ಆಗಬಾರದು.

ನಮ್ಮ ಪೂರ್ವ ಭಾಗದ ಮನೆಗಳಲ್ಲಿ ಮಾತು ಕನ್ನಡ, ಸಾತ್‌ಬಾರಾ ಉತಾರ ಮರಾಠಿ, ಕಂಪನಿಯ ಕರಾರು ಬಹಳ ಸಲ ಇಂಗ್ಲಿಷ್. ಹಳೆ ಕರಾರು ಪೆಟ್ಟಿಗೆಯಲ್ಲಿದ್ದರೆ ಈಗಲೇ ಹೊರತೆಗೆದು ಓದಿಸಿ ನೋಡಿ. ಅವಧಿ ಎಷ್ಟು ವರ್ಷ, ಚಕ್ಕಿ ಬದಲಿಸಲು ಮತ್ತೆ ನಿಮ್ಮ ಸಹಿ ಬೇಕೋ ಬೇಡವೋ, ಕೊನೆಗೆ ಕಾಂಕ್ರೀಟು ಕಿತ್ತು ಭೂಮಿ ಮೊದಲಿನಂತೆ ಮಾಡಿಕೊಡುವವರು ಯಾರು, ಈ ಮೂರು ಸಂಗತಿ ಅದರಲ್ಲಿ ಯಾವ ಪುಟದಲ್ಲಿವೆ ಎಂದು ಗುರುತು ಹಾಕಿಸಿಕೊಳ್ಳಿ.