ಹತ್ತನೆಯವನು

ಯಹೂದಿಗಳ ಪ್ರಾರ್ಥನಾಮಂದಿರಕ್ಕೆ ಸಿನಗಾಗ್ ಎಂದು ಹೆಸರು. ಹೀಬ್ರೂ ಭಾಷೆಯಲ್ಲಿ ಅದನ್ನು ‘ಕೂಡುವ ಮನೆ’ ಎಂಬರ್ಥದ ಪದದಿಂದ ಕರೆಯುತ್ತಾರೆ. ಪ್ರಾರ್ಥನೆಯೊಡನೆ ತೋರಾ ಎಂಬ ಧರ್ಮಗ್ರಂಥದ ಅಧ್ಯಯನವೂ ಅಲ್ಲಿ ನಡೆಯುತ್ತದೆ. ಸಂಪ್ರದಾಯದಂತೆ, 13 ವರ್ಷ ತುಂಬಿದ 10 ಮಂದಿ ಪುರುಷರು ನೆರೆಯದೆ ಸಾಮೂಹಿಕ ಪ್ರಾರ್ಥನೆ ಪೂರ್ಣವಾಗದು. ಒಂಬತ್ತು ಮಂದಿ ಪಂಡಿತರಿದ್ದರೂ ಸಾಲದು. ಹತ್ತನೆಯವನಾಗಿ ಸಾಮಾನ್ಯ ಬಾಲಕನೊಬ್ಬನು ಬಂದರೆ ಸಾಕು. ಸಮಾಜಕ್ಕೆ ಪ್ರತಿಯೊಬ್ಬನೂ ಬೇಕಾದವನೆಂಬುದನ್ನು ಇಷ್ಟು ಸರಳವಾಗಿ ಕಲಿಸುವ ನಿಯಮ ಅಪೂರ್ವವಾದುದು.

ಕೊಚ್ಚಿಯ ಪರದೇಶಿ ಸಿನಗಾಗನ್ನು 1568ರಲ್ಲಿ ಕಟ್ಟಲಾಯಿತು. ನೆಲಕ್ಕೆ ಹಾಸಿದ ನೀಲಿ ಚಿತ್ತಾರದ ಚೀನೀ ಬಿಲ್ಲೆಗಳು ಇಂದಿಗೂ ಉಳಿದಿವೆ. ಆದರೆ 1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಬಳಿಕ, ಆ ಕೇರಿಯ ಬಹುತೇಕ ಕುಟುಂಬಗಳು ಕ್ರಮೇಣ ವಲಸೆ ಹೋದವು. ಇಂದು ನೋಡಬರುವವರು ಅನೇಕರು. ಪ್ರಾರ್ಥನೆಗೆ ಹತ್ತು ಮಂದಿ ಸ್ಥಳೀಯರು ಕೂಡುವುದೇ ದುರ್ಲಭ. ಊರಿನ ಸಭೆಗೆ “ನಾನೊಬ್ಬ ಹೋಗದಿದ್ದರೇನು?” ಎನ್ನುವ ಮುನ್ನ, ನಾವು ಆ ಹತ್ತನೆಯವನನ್ನು ನೆನೆಯಬೇಕು.