ಆ ಬೀರುವಿನ ಬೀಗ ತೆಗೆಸೋಣ, ಬನ್ನಿ!

ತುಮಕೂರು, ಗುಬ್ಬಿ, ಕುಣಿಗಲ್ಲಿನ ತಂದೆತಾಯಂದಿರೇ, ಹಳೇ ವಿದ್ಯಾರ್ಥಿಗಳೇ, ಕೈಕೆಲಸ ಬಲ್ಲ ಅಣ್ಣಂದಿರೇ, ಅಕ್ಕಂದಿರೇ,

ಮಗುವನ್ನು ಹೈಸ್ಕೂಲಿಗೆ ಸೇರಿಸಲು ಹೋದಾಗ ಟಿಸಿ, ಜಾತಿ ಸರ್ಟಿಫಿಕೇಟು, ಆಧಾರ್ ಜೆರಾಕ್ಸು ಕೊಟ್ಟು ಬಂದುಬಿಡುತ್ತೇವೆ. ಈ ಸಲ ಎದ್ದು ಬರುವ ಮುಂಚೆ ಇನ್ನೊಂದು ಮಾತು ಕೇಳಿ: "ಮೇಷ್ಟ್ರೇ, ಇಲ್ಲಿ ಮಕ್ಕಳ ಕೈಯಲ್ಲಿ ಏನು ಮಾಡಿಸ್ತೀರಿ?"

ನಮ್ಮಲ್ಲಿ ಕೆಲವರು ಓದಿದ ಶಾಲೆಯಲ್ಲಿ (ಹೆಸರು ಬೇಡ, ಮೇಷ್ಟ್ರುಗಳು ಈಗಲೂ ಸಂತೆಯಲ್ಲಿ ಸಿಗುತ್ತಾರೆ) ಒಂದು ಹಸಿರು ಕಬ್ಬಿಣದ ಬೀರು ಇತ್ತು. ಒಳಗೆ ಎರಡು ಹೊಲಿಗೆ ಮಿಷನ್ನು, ಉಳಿ, ಗರಗಸ, ಸುತ್ತಿಗೆ. ಇನ್‌ಸ್ಪೆಕ್ಟರ್ ಬರುವ ದಿನ ಬೀಗ ತೆಗೆದು ಧೂಳು ಒರೆಸುತ್ತಿದ್ದೆವು, ಸಂಜೆಗೆ ಮತ್ತೆ ಬೀಗ. ಟೈಮ್‌ಟೇಬಲ್ಲಿನಲ್ಲಿ ಕ್ರಾಫ್ಟ್ ಪೀರಿಯಡ್ ಇತ್ತು, ಆ ಹೊತ್ತಿಗೆ ಬರುತ್ತಿದ್ದವರು ಗಣಿತದ ಮೇಷ್ಟ್ರು. ಒಂದು ಮಳೆಯ ಮಧ್ಯಾಹ್ನ ಅವರೂ ರಜೆ. ಜವಾನರು ಬೀರು ತೆಗೆದು, ಮಿಷನ್ನಿಗೆ ಎಣ್ಣೆ ಬಿಟ್ಟು, ಬಾಬಿನ್ನಿಗೆ ದಾರ ಸುತ್ತಿ ತೋರಿಸಿದರು. ದಾರ ಬಿಗಿಯಾದರೆ ಪಟ್ಟನೆ ಹರಿಯುತ್ತೆ, ಸಡಿಲವಾದರೆ ಬಟ್ಟೆಯ ಅಡಿಯಲ್ಲಿ ಗೂಡು ಕಟ್ಟುತ್ತೆ. ಹದ ಸಿಕ್ಕಾಗ ಮಿಷನ್ನಿನ ಸದ್ದೇ ಬೇರೆ. ಮೂರು ವರ್ಷದಲ್ಲಿ ನಮಗೆ ಸಿಕ್ಕ ಕ್ರಾಫ್ಟ್ ಕ್ಲಾಸು ಅದೊಂದೇ. ಅಂಥ ಬೀರು ನಿಮ್ಮೂರ ಶಾಲೆಯಲ್ಲೂ ಇದೆಯೇನೋ, ಒಮ್ಮೆ ನೋಡಿ ಬನ್ನಿ.

ನಮ್ಮದು ಕೈ ಕಟ್ಟಿ ಕೂತ ಜಿಲ್ಲೆಯಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆ ಜಾಗದಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಎದ್ದಿದೆ. 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಬಸ್ಸುಗಟ್ಟಲೆ ಜನ ನೋಡಲು ಹೋದೆವು, ಚಪ್ಪಾಳೆ ತಟ್ಟಿದೆವು. ಆ ಗೇಟಿನೊಳಗೆ ಸ್ಪ್ಯಾನರ್ ಹಿಡಿದು ಹೋಗುವವರು ಯಾರ ಮಕ್ಕಳು? ವಸಂತನರಸಾಪುರದ ಕಾರ್ಖಾನೆಗಳಿಗೂ ಇದೇ ಪ್ರಶ್ನೆ. ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿ 2016ರಲ್ಲಿ ಬಾಗಿಲು ಹಾಕಿತು. ಆದರೆ ಕೂದಲಿನಷ್ಟು ತೆಳು ಸ್ಪ್ರಿಂಗನ್ನು ಚಿಮಟದಲ್ಲಿ ಎತ್ತಿ ಕೂರಿಸಿದ ಕೈಗಳು ಇದೇ ಊರಲ್ಲಿ ಬೆಳಿಗ್ಗೆ ಪೇಪರ್ ಓದುತ್ತಾ ಕೂತಿವೆ. ಅವರನ್ನು ಶಾಲೆಗೆ ಕರೆದವರುಂಟೇ? ಟಿಪ್ಪು ಕಾಲದಿಂದ ಹೆಸರಾದ ಕುಣಿಗಲ್ ಸ್ಟಡ್ ಫಾರಂ ಕಾಂಪೌಂಡಿನ ಪಕ್ಕದಲ್ಲೇ ಓಡಾಡುವ ಹುಡುಗರಲ್ಲಿ ಎಷ್ಟು ಜನ ಕುದುರೆಗೆ ಲಾಳ ಹೊಡೆಯುವುದನ್ನು ಕಂಡಿದ್ದಾರೆ? ಚೇಳೂರಿನ ಹಲಸಿನ ಸೀಸನ್ನಿನಲ್ಲಿ ಲೋಡುಗಟ್ಟಲೆ ಹಣ್ಣು ಹೊರಗೆ ಹೋಗುತ್ತೆ. ಅದೇ ಹಲಸು ಚಿಪ್ಸಾಗಿ ಪ್ಯಾಕೆಟ್ಟಿನಲ್ಲಿ ವಾಪಸ್ ಬಂದಾಗ ದುಡ್ಡು ಕೊಟ್ಟು ತಿನ್ನುತ್ತೇವೆ.

ಈಗ ವಿಷಯಕ್ಕೆ ಬರೋಣ. ಎಲ್ಲ ಕಡೆ ಇಲ್ಲ, ಆಯ್ದ ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಂಬತ್ತನೇ ಕ್ಲಾಸಿನಿಂದ ಎನ್‌ಎಸ್‌ಕ್ಯೂಎಫ್ ಅನ್ನುವ ವೃತ್ತಿ ವಿಷಯಗಳಿವೆ. ಐಟಿ, ಆಟೊಮೊಬೈಲ್, ರೀಟೇಲ್, ಬ್ಯೂಟಿ ಅಂಡ್ ವೆಲ್‌ನೆಸ್ ಇಂಥವು. ಎಸ್‌ಎಸ್‌ಎಲ್‌ಸಿಯಲ್ಲಿ ಮೂರನೇ ಭಾಷೆಯ ಜಾಗದಲ್ಲಿ ಇವುಗಳ ಪರೀಕ್ಷೆ ಬರೆಯಲು ಅವಕಾಶ ಇದೆ. ತಗೊಂಡ ಮಗು ಪಿಯುಸಿ ಸೈನ್ಸಿಗೂ ಹೋಗಬಹುದು, ಐಟಿಐ, ಡಿಪ್ಲೊಮಾಕ್ಕೂ ಹೋಗಬಹುದು. ಯಾವ ಬಾಗಿಲೂ ಮುಚ್ಚುವುದಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ "ಅಯ್ಯೋ, ಅದು ದಡ್ಡರಿಗೆ" ಅಂದುಬಿಡುತ್ತೇವೆ.

ದಡ್ಡರಿಗೆ ಗ್ಯಾರೇಜು, ಜಾಣರಿಗೆ ಗಣಿತ ಅಂತ ಶಾಲೆಯೇ ಪಾಲು ಮಾಡಿದರೆ ನಾವೂ ಜಗಳಕ್ಕೆ ನಿಲ್ಲುತ್ತೇವೆ. ಅಪ್ಪನ ಕಸುಬನ್ನು ಮಗನ ಕೊರಳಿಗೆ ಕಟ್ಟುವ ಕಾಲ ಮತ್ತೆ ಬರುವುದು ಬೇಡ. ಹುಡುಗಿಯರಿಗೆ ಹೊಲಿಗೆ, ಹುಡುಗರಿಗೆ ವೈರಿಂಗು ಅನ್ನುವುದೂ ಬೇಡ. ನೂರಕ್ಕೆ ನೂರು ತೆಗೆಯುವ ಹುಡುಗಿಯೂ ಫ್ಯಾನಿನ ಕಂಡೆನ್ಸರ್ ಬದಲಾಯಿಸಲಿ, ಡಾಕ್ಟರ ಮಗನೂ ಗುಂಡಿ ಹಾಕಲು ಕಲಿಯಲಿ. 2020ರ ಶಿಕ್ಷಣ ನೀತಿ ಆರರಿಂದ ಎಂಟನೇ ಕ್ಲಾಸಿನ ಮಕ್ಕಳು ಹತ್ತು ದಿನ ಬ್ಯಾಗ್ ಬಿಟ್ಟು ಬಡಗಿ, ಕುಂಬಾರ, ತೋಟಗಾರರ ಹತ್ತಿರ ಕಲಿಯಲಿ ಅನ್ನುತ್ತದೆ. ಆ ನೀತಿ ಬೇಕೋ ಬೇಡವೋ ಅನ್ನುವ ವಾದ ವಿಧಾನಸೌಧದಲ್ಲಿ ನಡೆಯುತ್ತಿರಲಿ. ನಮ್ಮೂರ ಬಡಗಿಯನ್ನು ಕರೆಯುವುದಕ್ಕೆ ಯಾರ ಅಪ್ಪಣೆಗೂ ಕಾಯಬೇಕಿಲ್ಲ, ಹೆಡ್‌ಮಾಸ್ಟರು ಹ್ಞೂಂ ಅಂದರೆ ಸಾಕು.

ಸ್ಕೂಲ್ ಡೇ ವಿಚಾರವನ್ನೂ ಹೇಳಿಬಿಡುತ್ತೇವೆ. ಡ್ರೆಸ್ಸು ಬಾಡಿಗೆ, ಪರದೆ ಬಾಡಿಗೆ, ಹಾಡು ಪೆನ್‌ಡ್ರೈವಿನದು. ಪ್ರತಿಭಾ ಕಾರಂಜಿಗೆ ವರ್ಷಾ ವರ್ಷಾ ಅದೇ ನಾಲ್ಕು ಮಕ್ಕಳು. ಇದು ಗುಬ್ಬಿ ವೀರಣ್ಣನವರ ಸೀಮೆ ಸ್ವಾಮಿ! 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಗೆ ಬಾಲಕರಾಗಿ ಸೇರಿದ ವೀರಣ್ಣನವರು ಅದರ ಯಜಮಾನರಾದರು, 'ಕುರುಕ್ಷೇತ್ರ'ಕ್ಕೆ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಮನೆ ಬಿಟ್ಟು ಓಡಿಬಂದ ಬಿ.ವಿ. ಕಾರಂತರೆಂಬ ಹುಡುಗನಿಗೆ ಆ ಕಂಪನಿಯೇ ಶಾಲೆಯಾಯಿತು. ನಾಟಕ ಅಂದರೆ ಬರೀ ಬಣ್ಣ ಹಚ್ಚಿ ಮಾತಾಡುವುದಲ್ಲ. ಪರದೆಗೆ ಬಣ್ಣ ಬಳಿಯಬೇಕು, ಕಿರೀಟಕ್ಕೆ ರಟ್ಟು ಕತ್ತರಿಸಬೇಕು, ಅಂಗಿ ಹೊಲಿಯಬೇಕು, ಲೈಟು ಕಟ್ಟಬೇಕು, ಟಿಕೆಟ್ಟಿನ ದುಡ್ಡಿಗೆ ಲೆಕ್ಕ ಬರೆಯಬೇಕು. ಬಾಯಿ ಬಿಡಲು ನಾಚುವ ಮಗುವಿಗೂ ಅಲ್ಲೊಂದು ಕೆಲಸ ಇರುತ್ತೆ. ವರ್ಷಕ್ಕೊಂದು ನಾಟಕ, ಬಾಡಿಗೆ ಸಾಮಾನಿಲ್ಲದೆ, ಮಕ್ಕಳ ಕೈಯಲ್ಲೇ ಆಗಲಿ ಅಂತ ಕೇಳೋಣ.

ಬರುವ ಎಸ್‌ಡಿಎಂಸಿ ಸಭೆಯಲ್ಲಿ ಬರೀ ಸಹಿ ಹಾಕಿ ಟೀ ಕುಡಿದು ಬರಬೇಡಿ. ವೃತ್ತಿ ವಿಷಯ ನಮ್ಮ ಶಾಲೆಗಿದೆಯೇ, ಕಲಿಸುವವರು ಜೂನ್‌ನಲ್ಲೇ ಬರುತ್ತಾರೋ ದಸರಾ ಕಳೆದ ಮೇಲೋ, ಸಾಮಾನಿನ ಬೀಗದ ಕೈ ಯಾರ ಹತ್ತಿರ ಇದೆ, ಇಷ್ಟನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಇಲ್ಲ ಅಂದರೆ ಬಿಇಒ ಕಚೇರಿಗೆ ಅರ್ಜಿ ಕೊಡಿ, ಸ್ವೀಕೃತಿ ಮೊಹರು ಹಾಕಿಸಿಕೊಂಡೇ ಬನ್ನಿ. ಪಂಚಾಯ್ತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆದಾಗ ಮಕ್ಕಳೇ ಎದ್ದು ಕೇಳಲಿ.

ಟೈಲರ್ ಅಕ್ಕ, ಮೋಟರ್ ವೈಂಡಿಂಗ್ ಅಣ್ಣ, ತೋಟದ ಅಜ್ಜ, ಎಚ್‌ಎಂಟಿ ಯಜಮಾನ್ರೇ, ತಿಂಗಳಿಗೊಂದು ಶನಿವಾರ ಎರಡು ಗಂಟೆ ಕೊಡಿ. ಕೆಟ್ಟ ಮಿಕ್ಸಿ, ನಿಂತ ಗಡಿಯಾರ, ಹರಿದ ಚೀಲ ಏನಿದ್ದರೂ ಜೊತೆಗೆ ತನ್ನಿ. ಬೀರುವಿನ ಬೀಗಕ್ಕೆ ಬಿಡಲು ಒಂದಿಷ್ಟು ಎಣ್ಣೆಯೂ ಇರಲಿ.

— ಮೂರೂ ಊರುಗಳ ಕೆಲವು ಪೋಷಕರು ಮತ್ತು ಹಳೇ ವಿದ್ಯಾರ್ಥಿಗಳು

(ಓದಿದ ಮೇಲೆ ಎಸೆಯಬೇಡಿ, ಪಕ್ಕದ ಮನೆಗೆ ಕೊಡಿ.)