ಹೊಗೆಸೊಪ್ಪಿನ ಸೀಮೆಯ ತುರಿಕೆ: ಒಂದೇ ವಾರದಲ್ಲಿ ಮೂರು ಸಲ ಮೈಸೂರಿಗೆ ಹೋಗೋರು ಯಾರು?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಸೊಪ್ಪು ಮುರಿಯುವ ಆಳಿಗೆ ಕೈ ಕತ್ತೆಲ್ಲ ಗಂದೆ ಎದ್ದರೆ ಥಟ್ಟನೆ ಸಿಗುವ ಉತ್ತರ ಒಂದೇ: 'ಸೊಪ್ಪಿನ ಅಂಟು ಆಗಲಿಲ್ಲ'. ಮದ್ದೂ ಒಂದೇ, ಮೆಡಿಕಲ್ ಸ್ಟೋರಿನ ಟ್ಯೂಬು. ಅದರಲ್ಲಿ ಬಹಳ ಸಲ ಸ್ಟೀರಾಯ್ಡ್ ಇರುತ್ತದೆ. ಹಚ್ಚಿದಾಗ ಇಳಿಯುತ್ತೆ, ಬಿಟ್ಟರೆ ಮತ್ತೆ ಏಳುತ್ತೆ. ಇಂಥ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿತು. ಅಂಗಡಿ ಮುಂದೆ ನಿಂತು ನೋಡಿದರೆ ಅದರ ಕತೆ ಗೊತ್ತಾಗುತ್ತೆ.

ಅಂಟೇ ಕಾರಣ ಇರಬಹುದು. ಆದರೆ ಬದುವಿನ ಮೇಲಿನ ಕಾಂಗ್ರೆಸ್ ಗಿಡವೂ ಇರಬಹುದು. ಭಾರತದಲ್ಲಿ ಗಿಡಗಳಿಂದ ಬರುವ ಚರ್ಮದ ಅಲರ್ಜಿಗೆ ಪಾರ್ಥೇನಿಯಮ್ಮೇ ದೊಡ್ಡ ಕಾರಣ. ಅದನ್ನು ಮುಟ್ಟಲೇಬೇಕೆಂದಿಲ್ಲ, ಒಣಗಿದ ಪುಡಿ ಗಾಳಿಯಲ್ಲಿ ಬಂದರೂ ಸಾಕು. ರೆಪ್ಪೆ, ಕತ್ತು, ಮೊಣಕೈ ಮಡಿಕೆಗಳಲ್ಲಿ ಇಸುಬು ಏಳುತ್ತದೆ. ಗಾರೆ ಕೆಲಸಕ್ಕೂ ಹೋಗುವವರಾದರೆ ಸಿಮೆಂಟಿನ ಕ್ರೋಮಿಯಂ ಇರಬಹುದು. ಕೈ ಕಾಪಾಡಲಿ ಅಂತ ಕೊಟ್ಟ ರಬ್ಬರ್ ಗ್ಲೌಸೇ ಕಾರಣವಾಗಿದ್ದರೆ? ರಬ್ಬರ್ ಹದ ಮಾಡಲು ಬಳಸುವ ಥೈಯುರಾಮ್ ಎಂಬ ರಾಸಾಯನಿಕ ಕೆಲವರಿಗೆ ಆಗುವುದಿಲ್ಲ. (ಇಬ್ಬನಿ ಹಿಡಿದ ಸೊಪ್ಪು ಮುರಿದು ತಲೆ ಸುತ್ತಿ ವಾಂತಿಯಾಗುವುದು ಬೇರೆ; ಅದು ಚರ್ಮದ ಮೂಲಕ ಒಳಹೋದ ನಿಕೋಟಿನ್ನಿನ ವಿಷ, ಅಲರ್ಜಿ ಅಲ್ಲ.)

ಯಾವುದೆಂದು ಹೇಳಲು ಇರುವ ದಾರಿ ಪ್ಯಾಚ್ ಟೆಸ್ಟ್. ಲ್ಯಾಬಿನವರು ಮಾಡುವ ರಕ್ತದ ಅಲರ್ಜಿ ಟೆಸ್ಟಿಗೆ ದುಡ್ಡು ಸುರಿದು ಪ್ರಯೋಜನ ಇಲ್ಲ, ಇದು ರಕ್ತದಲ್ಲಿ ಸಿಕ್ಕಿಬೀಳುವ ಜಾತಿಯ ಅಲರ್ಜಿಯೇ ಅಲ್ಲ. ಜರ್ಮನ್ ವೈದ್ಯ ಜೋಸೆಫ್ ಯಾಡಾಸ್ಸೋನ್ 1895ರಲ್ಲಿ ತೋರಿಸಿಕೊಟ್ಟ ಪ್ಯಾಚ್ ಟೆಸ್ಟ್ ವಿಧಾನ ಬಹಳ ಸರಳ: ಅನುಮಾನದ ವಸ್ತುಗಳನ್ನು ಚೂರುಚೂರು ಬೆನ್ನಿಗೆ ಅಂಟಿಸುವುದು, 48 ಗಂಟೆ ಬಿಟ್ಟು ತೆಗೆದು ನೋಡುವುದು, 72 ಅಥವಾ 96 ಗಂಟೆಗೆ ಇನ್ನೊಮ್ಮೆ ನೋಡುವುದು. ನಮ್ಮ ದೇಶಕ್ಕೆಂದೇ ಮಾಡಿದ ಪಟ್ಟಿಯಲ್ಲಿ ಪಾರ್ಥೇನಿಯಂ, ಕ್ರೋಮಿಯಂ, ನಿಕ್ಕಲ್, ರಬ್ಬರಿನ ರಾಸಾಯನಿಕಗಳು ಇವೆ. ಹೊಗೆಸೊಪ್ಪಾಗಲಿ ಅದಕ್ಕೆ ಹೊಡೆಯುವ ಔಷಧಿಗಳಾಗಲಿ ಆ ಮೂಲ ಪಟ್ಟಿಯಲ್ಲಿಲ್ಲ. ಈ ಸೀಮೆಗೆ ಅದೇ ದೊಡ್ಡ ಕೊರತೆ.

ಅದಕ್ಕಿಂತ ದೊಡ್ಡದು ದಿನದ ಲೆಕ್ಕ. ಸೋಮವಾರ ಅಂಟಿಸಬೇಕು, ಬುಧವಾರ ತೆಗೆಯಬೇಕು, ಶುಕ್ರವಾರ ಮತ್ತೆ ತೋರಿಸಬೇಕು. ನಡುವೆ ಬೆನ್ನು ನೆನೆಯಬಾರದು, ಬೆವರುವ ಕೆಲಸ ಮಾಡಬಾರದು. ಮೈಸೂರಿನ ದೊಡ್ಡಾಸ್ಪತ್ರೆಗೆ ಹುಣಸೂರಿನವರು ಹೇಗೋ ಬಂದಾರು, ಡಿ.ಬಿ. ಕುಪ್ಪೆ ಕಡೆಯ ಹಾಡಿಯ ಹೆಂಗಸು ಮೂರು ಸಲ ಬಸ್ಸು ಹತ್ತಿ, ವಾರದ ಕೂಲಿ ಬಿಟ್ಟು ಬರುತ್ತಾಳಾ? ಕೃಷಿ ಕೂಲಿಗಳಿಗೆ ಇಎಸ್‌ಐ ಇಲ್ಲ. ತಂಬಾಕು ಮಂಡಳಿಯ ನೋಂದಣಿ ಬೆಳೆಗಾರನಿಗೆ, ಬ್ಯಾರನ್ನಿಗೆ. ಸೊಪ್ಪು ಮುರಿಯುವ ಕೈಗೆ ಅಲ್ಲಿ ಹೆಸರೇ ಇಲ್ಲ.

ಒಂದು ಸಲ ಮೈಸೂರಲ್ಲಿ ಅಂಟಿಸಿಕೊಂಡರೆ, ಉಳಿದೆರಡು ದಿನ ತಾಲ್ಲೂಕು ಆಸ್ಪತ್ರೆ ವೈದ್ಯರೇ ಮುಟ್ಟಿ ನೋಡಿ, ಫೋಟೊ ತೆಗೆದು ಚರ್ಮತಜ್ಞರಿಗೆ ಕಳಿಸಬಹುದು. ಇ-ಸಂಜೀವಿನಿ ಇರುವುದು ಮತ್ಯಾಕೆ? ಕಾಲವನ್ನೂ ಆರಿಸಿಕೊಳ್ಳಬಹುದು: ಒಮ್ಮೆ ಹತ್ತಿದ ಅಲರ್ಜಿಯನ್ನು ಮೈ ಮರೆಯುವುದಿಲ್ಲವಾದ್ದರಿಂದ ಸುಗ್ಗಿ ನಡುವೆಯೇ ಟೆಸ್ಟ್ ಆಗಬೇಕೆಂದೇನಿಲ್ಲ. ಸೊಪ್ಪಿನ ಹರಾಜು ಮುಗಿಯುತ್ತಾ ಬರುವ ಜನವರಿ, ಫೆಬ್ರವರಿಯಲ್ಲಿ ಕೆಲಸವೂ ಕಡಿಮೆ, ಬೆವರೂ ಕಡಿಮೆ.